ಹೊಳೆ ಬಲ್ಲವರ ಮಾತು

ಹೋದ ಆಗಸ್ಟ್ ಕೊನೆಗೆ ಅಲಾಸ್ಕಕ್ಕೆ ಹೋಗಿದ್ದೆ. ಸಿಯಾಟಲ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನಿಗೆ ಐವತ್ತು ತುಂಬಿತ್ತು. ಆ ನೆಪದಲ್ಲಿ ಐದು ದಿನದ ಫ್ಲೈ ಫಿಶಿಂಗ್ ಕ್ಯಾಂಪ್. ಆಂಕರೇಜ್‌ನಿಂದ ಕಿಂಗ್ ಸಾಲ್ಮನ್ ಅನ್ನೋ ಪುಟ್ಟ ಊರಿಗೆ ಒಂದು ವಿಮಾನ, ಅಲ್ಲಿಂದ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ. ರಸ್ತೆ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಆರು ಟೆಂಟು, ಒಂದು ಅಡುಗೆಮನೆ, ಕರಡಿ ಬರದ ಹಾಗೆ ಸುತ್ತಲೂ ಕರೆಂಟಿನ ಬೇಲಿ.

ಎರಡನೇ ದಿನ ಬೆಳಿಗ್ಗೆ ನಾವು ನಾಲ್ವರು ತೊಡೆ ಮಟ್ಟದ ನೀರಿನಲ್ಲಿ ನಿಂತಿದ್ದೆವು. ನಮ್ಮಲ್ಲೊಬ್ಬರು ಹೆಸರಾಂತ ಸರ್ಜನ್, ವಯಸ್ಸು ಅರವತ್ತರ ಮೇಲೆ. ಅವರ ಗಾಳಕ್ಕೆ ಒಳ್ಳೇ ಮೀನು ಸಿಕ್ಕಿತ್ತು. ಅಷ್ಟರಲ್ಲಿ ಹೊಳೆಯ ತಿರುವಿನಲ್ಲಿ ಕರಡಿ ಕಾಣಿಸಿತು. ಇಪ್ಪತ್ತಾರು ವರ್ಷದ ಗೈಡ್ ಹುಡುಗ ಅವರ ಪಕ್ಕಕ್ಕೆ ಬಂದವನೇ ದಾರವನ್ನು ಕತ್ತರಿಸಿಬಿಟ್ಟ. ಮೀನು ಹೋಯಿತು. “ಮೇಲೆ ಬನ್ನಿ, ಈಗಲೇ” ಅಂದ. ಒದ್ದಾಡುವ ಮೀನು ಮನುಷ್ಯನ ಹತ್ತಿರ ಸಿಗುತ್ತದೆ ಅಂತ ಕರಡಿ ಒಮ್ಮೆ ಕಲಿತರೆ, ಮುಂದೆ ಗಾಳ ಹಿಡಿದ ಪ್ರತಿಯೊಬ್ಬರ ಹತ್ತಿರವೂ ಬರುತ್ತದಂತೆ. ಡಾಕ್ಟರು ಮರುಮಾತಾಡದೆ ದಡ ಹತ್ತಿದರು. ರಾತ್ರಿ ಊಟದ ಹೊತ್ತಿಗೆ ಅದೇ ಹುಡುಗನ ಪಕ್ಕ ಕೂತು, ಕರಡಿ ಬಗ್ಗೆ ಇನ್ನಷ್ಟು ಹೇಳಪ್ಪಾ ಅಂತ ಕೇಳಿಸಿಕೊಂಡರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮೂರ ಹೊಳೆ ಅಘನಾಶಿನಿ ನೆನಪಾಗಿತ್ತು.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಬೆಂಗಳೂರಿನ ನೆಂಟರೂ ಬಂದಿದ್ದರು. ಕುಮಟಾದಲ್ಲಿ ಊಟ ಮುಗಿಸಿ, ತದಡಿ ಕಡೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು ನೋಡೋಣ ಅಂತ ದೋಣಿ ಮಾಡಿಕೊಂಡೆವು. ದೋಣಿಯವರಿಗೆ ಐವತ್ತೈದು ದಾಟಿರಬೇಕು. ಅರ್ಧ ತಾಸು ಕಳೆಯುತ್ತಲೇ ಅವರು, “ಇಳಿತ ಶುರುವಾಯ್ತು, ತಿರುಗಿ ಹೋಗ್ವ” ಅಂದರು. ನಮ್ಮಲ್ಲೊಬ್ಬ, ಅವರ ಮಗನ ವಯಸ್ಸಿನವನು, “ಒಂದು ತಾಸಿಗೆ ದುಡ್ಡು ಕೊಟ್ಟಿದ್ದೀವಿ, ಸುಮ್ನೆ ನಡೆಸು” ಅಂದ. ಏಕವಚನದಲ್ಲೇ. ಅವರು ಏನೂ ಹೇಳದೆ ಮುಂದೆ ಹೋದರು. ಹತ್ತು ನಿಮಿಷಕ್ಕೆ ದೋಣಿ ಕೆಸರಿಗೆ ಕೂತಿತು. ಅವರೇ ಮೊಣಕಾಲು ಹೂಳುವ ಕೆಸರಿಗಿಳಿದು ದೋಣಿ ತಳ್ಳಿದರು. ಬಳಚಿನ ಚಿಪ್ಪು ಹೆಬ್ಬೆರಳಿನ ಬುಡದಲ್ಲಿ ಕುಯ್ದು ರಕ್ತ ಬಂತು. ಉಪ್ಪುನೀರಲ್ಲಿ ಕಾಲು ಅದ್ದಿ, ಹೆಗಲ ಮೇಲಿನ ವಸ್ತ್ರದ ಅಂಚು ಹರಿದು ಕಟ್ಟಿಕೊಂಡು ಮತ್ತೆ ತಳ್ಳಿದರು. ದಡಕ್ಕೆ ಬಂದ ಮೇಲೆ, ಲೇಟಾಯ್ತು ಅಂತ ಬೈಸಿಕೊಂಡವರೂ ಅವರೇ. ನಾನು ಇನ್ನೂರು ರೂಪಾಯಿ ಜಾಸ್ತಿ ಕೊಟ್ಟೆ. ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಆ ಮುಳ್ಳು ಇನ್ನೂ ಒಳಗೇ ಇದೆ.

ಅಲಾಸ್ಕದಲ್ಲಿ ಹೊಳೆ ಗೊತ್ತಿರುವವನ ಮಾತೇ ಕೊನೆ ಮಾತು. ನಮ್ಮಲ್ಲಿ ದುಡ್ಡು ಕೊಟ್ಟವನ ಮಾತು. ನನ್ನ ತಕರಾರು ಇಷ್ಟೇ.

ಕ್ಯಾಂಪಿನ ಮೊದಲ ದಿನ ಗಾಳ ನಮ್ಮ ಕೈಗೆ ಬರಲೇ ಇಲ್ಲ. ಅರ್ಧ ಗಂಟೆ ದಡದ ಮೇಲೆ ಕೂರಿಸಿ, ನೀರು ನೋಡಿ ಅಂದ ಆ ಹುಡುಗ. ಎಲ್ಲಿ ವೇಗ, ಎಲ್ಲಿ ನಿಧಾನ, ಯಾವ ಕಲ್ಲಿನ ಹಿಂದೆ ನೀರು ಸುಳಿ ತಿರುಗುತ್ತದೆ. ಆಗ ಹೊಳೆ ತುಂಬಾ ಸಾಕೈ ಸಾಲ್ಮನ್. ಮೈಯೆಲ್ಲ ಕುಂಕುಮದ ಕೆಂಪು, ತಲೆ ಮಾತ್ರ ಹಸಿರು. ಸಮುದ್ರದಿಂದ, ತಾವು ಹುಟ್ಟಿದ ಹೊಳೆಗೇ ವಾಪಸ್ ಬಂದು ಮೊಟ್ಟೆ ಇಟ್ಟು ಸಾಯುತ್ತವೆ. ಈ ಬ್ರಿಸ್ಟಲ್ ಕೊಲ್ಲಿಯ ಹೊಳೆಗಳಿಗೆ 2022ರಲ್ಲಿ ಹೀಗೆ ಬಂದದ್ದು ಸುಮಾರು 7.9 ಕೋಟಿ ಮೀನು. ಅವುಗಳ ಬೆನ್ನ ಹಿಂದೆ ಮೊಟ್ಟೆ ತಿನ್ನಲು ರೇನ್‌ಬೋ ಟ್ರೌಟ್ ನಿಂತಿರುತ್ತವೆ. ನಾವು ಹಿಡಿಯಬೇಕಾದದ್ದು ಆ ಟ್ರೌಟ್.

ಫ್ಲೈ ಫಿಶಿಂಗ್ ಅಂದರೆ ನಮ್ಮ ಗಾಳದ ಹಾಗಲ್ಲ. ನಮ್ಮಲ್ಲಿ ದಾರದ ತುದಿಗೆ ಸೀಸದ ಗುಂಡು ಇರುತ್ತದೆ, ಎಸೆದರೆ ಅದು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ದಾರಕ್ಕೇ ತೂಕ. ತುದಿಯಲ್ಲಿರುವುದು ನೂಲು, ಪುಕ್ಕ ಸುತ್ತಿದ ಸಣ್ಣ ಕೊಕ್ಕೆ. ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ಮುಂದಕ್ಕೆ ಬೀಸಬೇಕು. ಅವಸರ ಮಾಡಿದರೆ ದಾರ ಕಾಲ ಬುಡದಲ್ಲೇ ಗುಡ್ಡೆ ಬೀಳುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತಾರೆ, ಮೀನಿನ ಬಾಯಿ ಹರಿಯಬಾರದು ಅಂತ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣ ಕೈ ತಾಗಿದರೆ ಅದರ ಮೈಮೇಲಿನ ಲೋಳೆ ಹೋಗುತ್ತದೆ. ಬೂಟಿನ ಅಡಿಗೆ ಫೆಲ್ಟ್ ಅನ್ನೋ ಒತ್ತಿದ ದಪ್ಪ ಬಟ್ಟೆ ಇರುವಂತಿಲ್ಲ, 2012ರಿಂದ ಅಲಾಸ್ಕದ ಹೊಳೆಗಳಲ್ಲಿ ಅದು ನಿಷೇಧ. ಬೇರೆ ಹೊಳೆಯ ರೋಗ, ಪಾಚಿ ಅದಕ್ಕೆ ಅಂಟಿಕೊಂಡು ಬರುತ್ತದೆ ಅಂತ. ಇದೆಲ್ಲ ಕೋಟಿ ಸಂಪಾದಿಸುವವರಿಗೆ ಆ ಹುಡುಗ ಹೇಳುತ್ತಿದ್ದ, ಅವರು ಶಾಲೆ ಮಕ್ಕಳ ಹಾಗೆ ಮಾಡುತ್ತಿದ್ದರು.

“ನೀರು ನೋಡಿ” ಅನ್ನೋ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮೂರ ತಾರಿ ದೋಣಿಯ ಅಜ್ಜನ ಬಾಯಲ್ಲಿ. ಶಾಲೆಗೆ ಅವರ ದೋಣಿಯಲ್ಲೇ ಹೊಳೆ ದಾಟುತ್ತಿದ್ದೆವು. ರಜೆ ದಿನ ನಾನು ಗಾಳ ಹಿಡಿದು ಅವರ ಪಕ್ಕ ಕೂರುತ್ತಿದ್ದೆ. “ತಮಾ, ಗಡಬಡೆ ಬೇಡ. ಮೊದಲು ನೀರು ನೋಡು” ಅನ್ನುತ್ತಿದ್ದರು. ಮರಳಿದ್ದಲ್ಲಿ ನೋಗ್ಲಿ ಮೀನು, ಕೆಸರಿದ್ದಲ್ಲಿ ಏಡಿ. ಭರತ ಏರುವಾಗ ಮೀನು ಯಾವ ಕೋಡಿಯಲ್ಲಿ ಒಳಗೆ ಬರುತ್ತದೆ, ಉಪ್ಪುನೀರು ಹೊಗುವ ಗಜನಿ ಗದ್ದೆಯ ಬಾಗಿಲು ತೆಗೆದಾಗ ಶೆಟ್ಲಿ, ಅಂದರೆ ಸೀಗಡಿ, ಎಲ್ಲಿ ಸಿಗುತ್ತದೆ, ಎಲ್ಲ ಬಾಯಲ್ಲೇ. ಗಡಿಯಾರ ಕಟ್ಟಿದವರಲ್ಲ, ತಿಥಿ ನೋಡಿ ನೀರಿನ ಹೊತ್ತು ಹೇಳುತ್ತಿದ್ದರು.

ಅದೇ ತಾರಿಯಲ್ಲಿ ದಾಟಿ ಹೋಗಿ ಕೂತ ಕ್ಲಾಸಿನಲ್ಲಿ ನಮಗೆ ಹೇಳಿದ್ದೇನು? “ಓದದಿದ್ದರೆ ದೋಣಿ ತಳ್ಳೋಕೆ ಹೋಗ್ತೀರಿ.” ಹೊಳೆ ಬಲ್ಲವರ ಹಾಗೆ ಆಗಬಾರದು ಅಂತಲೇ ನಾವು ಓದಿದ್ದು. ಅಜ್ಜನ ಮೊಮ್ಮಗ ಈಗ ಗೋವಾದ ಒಂದು ಹೋಟೆಲಿನಲ್ಲಿ ಪ್ಲೇಟ್ ತೊಳೆಯುತ್ತಾನೆ. ಅಲಾಸ್ಕದ ಹುಡುಗ ಯೂನಿವರ್ಸಿಟಿಯಲ್ಲಿ ಜೀವಶಾಸ್ತ್ರ ಓದಿ, ಇಷ್ಟಪಟ್ಟು ಈ ಕೆಲಸಕ್ಕೆ ಬಂದವನು. ಅವನ ಅಪ್ಪ ಅಮ್ಮನಿಗೆ ಅದರಲ್ಲಿ ನಾಚಿಕೆ ಇಲ್ಲ.

ಬಲ್ಲವನ ಮಾತು ಕೇಳುವುದು ನಮ್ಮವರಿಗೆ ಬರುವುದೇ ಇಲ್ಲ ಅಂತೇನಿಲ್ಲ. ಗಣೇಶಗುಡಿಯಲ್ಲಿ ಕಾಳಿ ಹೊಳೆಯ ರಾಫ್ಟಿಂಗಿಗೆ ಹೋದವರು ಗೈಡ್ ಕೂರು ಅಂದರೆ ಕೂರುತ್ತಾರೆ. ಭೀಮೇಶ್ವರಿಯಲ್ಲಿ ಕಾವೇರಿಯ ಮಹಶೀರ್ ಮೀನು ಹಿಡಿಯಲು ದೇಶವಿದೇಶದವರು ಬರುತ್ತಿದ್ದ ಕಾಲದಲ್ಲಿ, ರಾಗಿ ಹಿಟ್ಟಿನ ಉಂಡೆ ಎಲ್ಲಿಗೆ ಎಸೆಯಬೇಕು ಅಂತ ತೋರಿಸುತ್ತಿದ್ದವರು ಸುತ್ತಲ ಊರಿನವರೇ. ಹಾಗಿದ್ದ ಮೇಲೆ ಅಘನಾಶಿನಿಯಲ್ಲಿ ಯಾಕೆ ಆಗುವುದಿಲ್ಲ? 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ, ಸಿಕ್ಕಿತು. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಂದು ದೊಡ್ಡ ಅಣೆಕಟ್ಟೂ ಇಲ್ಲದೆ ಸಮುದ್ರ ಸೇರುವ ಹೊಳೆ ಅದು. ಹೊರಗಿನಿಂದ ಜನ ಬಂದೇ ಬರುತ್ತಾರೆ. ಅವರಿಗೆ ಹೊಳೆ ತೋರಿಸುವವರು ಯಾರು, ಯಾರ ಮಾತಿನಂತೆ ದೋಣಿ ಹೊರಡಬೇಕು, ಹಿಂದಿರುಗಬೇಕು ಅನ್ನೋದನ್ನು ಪಂಚಾಯಿತಿಯಾದರೂ ಈಗಲೇ ಬರೆದಿಡಬೇಕು. ದೋಣಿ, ಮೀನು ನಂಬಿ ಬದುಕಿದ ಅಂಬಿಗರು, ಹರಿಕಂತ್ರರ ಮನೆಯ ಹುಡುಗರಿಗೆ ಆ ಕೆಲಸ ಸಿಗಬೇಕು. ದಂಡೆಯಲ್ಲಿ ರೆಸಾರ್ಟ್ ಕಟ್ಟಿದವರು ತಂದ ಹೊಸಬರಿಗಲ್ಲ.

ಆದರೆ ಒಂದು ಮಾತು ಒಪ್ಪಲೇಬೇಕು, ಬರೆಯಲು ಮನಸ್ಸಿಲ್ಲದಿದ್ದರೂ. ಆ ಗೈಡ್ ಹುಡುಗ ಅಲಾಸ್ಕದವನಲ್ಲ, ಮೊಂಟಾನಾದವನು. ಆ ಹೊಳೆಯಲ್ಲಿ ಅವನದು ಐದನೇ ಬೇಸಿಗೆ, ಅಷ್ಟೇ. ವಾಪಸ್ ಬರುವ ದಿನ ವಿಮಾನ ತಗ್ಗಿ ಹಾರುವಾಗ ಕೆಳಗೊಂದು ಹಳ್ಳಿ ಕಂಡಿತು. ಮನೆಗಳ ಪಕ್ಕ ಮರದ ಅಟ್ಟಣೆ ಮೇಲೆ ಸಾಲ್ಮನ್ ಸೀಳಿ ಸಾಲಾಗಿ ತೂಗುಹಾಕಿದ್ದರು. ನಮ್ಮ ಕೇರಿಯಲ್ಲಿ ಬಂಗಡೆ ಒಣಗಿಸಿದ ಹಾಗೇ. ತಲೆಮಾರಿನಿಂದ ಆ ಹೊಳೆಯನ್ನು ಬಲ್ಲವರು ಅಲ್ಲಿನ ಮೂಲ ಜನ. ನಮ್ಮ ಕ್ಯಾಂಪಿನಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ. ಐದು ದಿನ ಮೀನು ಹಿಡಿದು ಬಿಟ್ಟೆವು, ರಾತ್ರಿ ವಿಮಾನದಲ್ಲಿ ತಂದ ಕೋಳಿ ತಿಂದೆವು. ತಾರಿಯ ಅಜ್ಜ ನಾಲ್ಕು ನೋಗ್ಲಿ ಸಿಕ್ಕರೆ ಎರಡನ್ನು ಮುಂಡಿ ಎಲೆಯಲ್ಲಿ ಸುತ್ತಿ, “ಅಬ್ಬೆಗೆ ಕೊಡು” ಅಂತ ನನ್ನ ಕೈಗೆ ಇಡುತ್ತಿದ್ದರು. ಹೊಳೆ ಕಲಿಸಿದ್ದಕ್ಕೆ ಒಂದು ಪೈಸೆಯನ್ನೂ ತೆಗೆದುಕೊಂಡವರಲ್ಲ.

ಈ ಡಿಸೆಂಬರಿಗೆ ಮತ್ತೆ ಊರಿಗೆ ಹೋಗುತ್ತಿದ್ದೇನೆ. ಆ ದೋಣಿಯವರನ್ನು ಹುಡುಕಿ, ಯಾವತ್ತು ಬರಲಿ ಅಂತ ಕೇಳು ಎಂದು ತಮ್ಮನಿಗೆ ಹೇಳಿದ್ದೆ. ನಿನ್ನೆ ಫೋನ್ ಬಂತು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬೇಡ, ನೀರಿನ ಎಳೆತ ಜಾಸ್ತಿ, ಅಷ್ಟಮಿ ಆಸುಪಾಸು ಬರಲಿ ಅಂದರಂತೆ. ಶಿರಸಿ ಅತ್ತೆ ಮನೆಗೆ ಹೋಗುವ ದಿನವನ್ನು ಅದಕ್ಕೆ ಸರಿಯಾಗಿ ಬದಲಾಯಿಸಿದ್ದೇನೆ.