ಆನೆ ಬರ್ತದೆ, ‘ಆ’ ಬರುವುದಿಲ್ಲ

“ಪ್ರಿಂಟರಿಲ್ ಕನ್ನಡ ಇಲ್ಲಲ್ಲೋ.”

ಹೋದ ವಾರ ಕಾಸರಗೋಡಿನ ಒಂದು ಆಫೀಸಿನ ಕೌಂಟರಿನಲ್ಲಿ ನನಗೆ ಮಲಯಾಳದಲ್ಲಿ ಸಿಕ್ಕಿದ ಉತ್ತರ ಇದು: ಪ್ರಿಂಟರಿನಲ್ಲಿ ಕನ್ನಡ ಇಲ್ಲವಲ್ಲ. ನಾನು ಕೇಳಿದ್ದು ಒಂದು ಅರ್ಜಿ ಫಾರಂ, ಕನ್ನಡದ್ದು. ಹೇಳಿದವರು ಒಳ್ಳೆಯವರೇ. ಮೀನಿನವನು ‘ಬಂಗುಡೆ ಮುಗೀತು’ ಅನ್ನುವಾಗ ಇರುವಷ್ಟು ಬೇಸರ ಅವರ ಮುಖದಲ್ಲೂ ಇತ್ತು.

ನಾನೂ ನಂಬಿ ಹೊರಟಿದ್ದೆ. ಆದರೆ ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಉತ್ಸವದ ನೋಟೀಸೊಂದು ಕಂಡಿತು. ಅದರಲ್ಲಿ ದೊಡ್ಡ ಆನೆ. ಹಣೆಗೆ ಕಟ್ಟಿದ ಪಟ್ಟದ ಒಂದೊಂದು ಗುಳ್ಳೆಯನ್ನೂ ಎಣಿಸಬಹುದಿತ್ತು. ಇದೇ ಪ್ರಿಂಟರಿನದ್ದಾ ಸಾರ್ ಎಂದೆ. ಹೌದು, ಹೊಸ ಟೋನರ್ ಹಾಕಿದ ದಿನ ತೆಗೆದದ್ದು ಎಂದರು, ಸ್ವಲ್ಪ ಹೆಮ್ಮೆಯಿಂದಲೇ.

ಅಂದರೆ ಆನೆ ಬರ್ತದೆ. ಆನೆಯ ‘ಆ’ ಬರುವುದಿಲ್ಲ.

ಒಂದು ಕಾಲದಲ್ಲಿ ಈ ಮಾತಿಗೆ ಅರ್ಥ ಇತ್ತು ಮಾರಾಯ್ರೇ. ಟೈಪ್‌ರೈಟರಿನಲ್ಲೂ ಆಮೇಲೆ ಬಂದ, ಅಕ್ಷರಗಳ ಚಕ್ರ ತಿರುಗಿಸಿ ಒತ್ತುವ ಡೈಸಿ ವೀಲ್ ಪ್ರಿಂಟರಿನಲ್ಲೂ ಅಕ್ಷರಗಳೆಂದರೆ ಅಚ್ಚುಗಳು. ಚಕ್ರದಲ್ಲಿ ಇಂಗ್ಲಿಷ್ ಅಚ್ಚು ಇದ್ದರೆ ಇಂಗ್ಲಿಷೇ. ‘ಕ್ಷ’ ಕೇಳಿದರೆ ಪಾಪ ಆ ಯಂತ್ರ ಎಲ್ಲಿಂದ ತಂದೀತು? ಈ ನೆಪದ ಬುಡಕ್ಕೆ ಕೊಡಲಿ ಹಾಕಿದವರು ಜೆರಾಕ್ಸ್ ಕಂಪೆನಿಯ ಎಂಜಿನಿಯರ್ ಗ್ಯಾರಿ ಸ್ಟಾರ್ಕ್‌ವೆದರ್. ಲೇಸರ್ ಬೆಳಕಿನಿಂದ ಪುಟ ಮೂಡಿಸುತ್ತೇನೆ ಎಂದಾಗ ಅವರ ಮೇಲಧಿಕಾರಿಗೂ ಅದು ಹಿಡಿಸಲಿಲ್ಲ (ಕೌಂಟರ್ ಅಮೆರಿಕದಲ್ಲಿದ್ದರೂ ಕೌಂಟರೇ). 1971ರಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿದ್ದ ಅದೇ ಕಂಪೆನಿಯ ಇನ್ನೊಂದು ಪ್ರಯೋಗಾಲಯಕ್ಕೆ ವರ್ಗವಾಗಿ ಹೋಗಿ, ಅಲ್ಲಿ ಮಾಡಿ ತೋರಿಸಿದರು. 1977ರಲ್ಲಿ ಕಂಪೆನಿ ಅದನ್ನು 9700 ಎಂಬ ಹೆಸರಿನಲ್ಲಿ ಮಾರಿತು, ನಿಮಿಷಕ್ಕೆ 120 ಪುಟ. 1984ರಲ್ಲಿ ಎಚ್‌ಪಿಯ ಲೇಸರ್‌ಜೆಟ್ 3,495 ಡಾಲರಿಗೆ ಮೇಜಿನ ಮೇಲೆ ಬಂದು ಕೂತಿತು.

ಅದರ ಕೆಲಸ ನೋಡಿ. ಒಳಗೊಂದು ಡ್ರಮ್, ಅದರ ಮೈಯೆಲ್ಲ ವಿದ್ಯುತ್ತಿನ ಚಾರ್ಜು. ಲೇಸರ್ ಬೇಕಾದ ಕಡೆ ಬೆಳಕಿನ ಗೆರೆ ಎಳೆಯುತ್ತದೆ, ಆ ಗುರುತಿಗೆ ಟೋನರ್ ಎಂಬ ಕರಿ ಪುಡಿ ಅಂಟುತ್ತದೆ, ಪುಡಿ ಕಾಗದಕ್ಕೆ ಬಂದ ಮೇಲೆ ಬಿಸಿ ರೋಲರ್ ಅದನ್ನು ಕರಗಿಸಿ ಕೂರಿಸುತ್ತದೆ. ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೆ ಒಂದು ಎ4 ಹಾಳೆಯಲ್ಲಿ ಸುಮಾರು 87 ಲಕ್ಷ ಚುಕ್ಕಿಗಳ ಜಾಗ. ಪ್ರತಿ ಜಾಗದಲ್ಲೂ ಕಪ್ಪು ಹಾಕಬೇಕಾ, ಬೇಡವಾ? ಇಷ್ಟೇ ಅದರ ವಿದ್ಯೆ. ಅದು ಮಲಯಾಳ ಶಾಲೆಗೂ ಹೋಗಿಲ್ಲ, ಕನ್ನಡ ಶಾಲೆಗೂ ಹೋಗಿಲ್ಲ.

ಕನ್ನಡ ಇಲ್ಲದ್ದು ಕಂಪ್ಯೂಟರಿನಲ್ಲಿ. ಅಲ್ಲಿ ಫಾಂಟ್ ಹಾಕಿಲ್ಲ, ಅಷ್ಟೇ. ಲೋಕದ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿಗಾಗಿ ನಂಬರು ಕೊಡುವ ಯೂನಿಕೋಡ್ ಪಟ್ಟಿಗೆ ಕನ್ನಡ 1991ರಲ್ಲೇ ಸೇರಿದೆ. ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಸಾಲಾಗಿ ಚೌಕ ಡಬ್ಬಿಗಳು ಬರುತ್ತವೆ, ನಮ್ಮ ಪ್ರಿಂಟರ್ ಆ ಡಬ್ಬಿಗಳನ್ನೂ ಒಂದು ಮೂಲೆ ಬಿಡದೆ ಶ್ರದ್ಧೆಯಿಂದ ಬಿಡಿಸಿಕೊಡುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವು ಕೇಳಿದ ಉತ್ತರಗಳು ಒಂದೆರಡಲ್ಲ: ಕನ್ನಡ ಗೊತ್ತಿರುವವರು ರಜೆ, ಅನುವಾದ ಆಗಿಲ್ಲ, ಸ್ಟಾಕ್ ಇಲ್ಲ. ಈಗ ತಪ್ಪು ಹೊರಲು ಬಾಯಿಲ್ಲದ ಒಂದು ಯಂತ್ರ ಸಿಕ್ಕಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡಬಹುದು ಎನ್ನುತ್ತದೆ ಸಂವಿಧಾನದ 350ನೇ ವಿಧಿ. ಟೋನರಿನ ಸುದ್ದಿ ಅದರಲ್ಲಿ ಇಲ್ಲ.

ಸುಮ್ನೆ ಜಗಳ ಯಾಕೆ ಎಂದು, ನೆರೆಮನೆಯಲ್ಲಿದ್ದ ಹಳೆಯ ಕನ್ನಡ ಫಾರಮ್ಮಿನ ಫೋಟೋ ಮೊಬೈಲಿಗೆ ತರಿಸಿಕೊಂಡು ಅವರಿಗೆ ಕಳಿಸಿದೆ. ಪ್ರಿಂಟ್ ಕೊಟ್ಟರು. ಗರಗರ ಎಂದಿತು. ಬಂತು! ಒತ್ತಕ್ಷರ, ದೀರ್ಘ, ಕೆಳಗಿನ ಚುಕ್ಕಿಗೆರೆ, ಎಲ್ಲವೂ.

ಅವರು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. “ಇದು ಫೋಟೋ ಅಲ್ವಾ? ಫಾರಂ ಅಲ್ಲ.” ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದರು. ಆಗಬಹುದಂತೆ. ಆದರೆ ಫೋಟೋದಲ್ಲಿ ಏನಿದೆ ಎಂದು ಮಲಯಾಳದಲ್ಲಿ ಒಂದು ಹಾಳೆ ಬರೆದು ಸೇರಿಸಬೇಕು, ಎಲ್ಲದಕ್ಕೂ ಎರಡೆರಡು ಜೆರಾಕ್ಸ್.

ಎದುರಿನ ಜೆರಾಕ್ಸ್ ಅಂಗಡಿಯವನು ಯಾವ ಭಾಷೆ ಎಂದು ಕೇಳಲಿಲ್ಲ. ಹಾಳೆಗೆ ಎರಡು ರೂಪಾಯಿ ಎಂದ.