ಜರ್ಮನ್ ದೋಣಿ

ನಮ್ಮ ಗದಗ ಧಾರವಾಡದ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಅಂತಾರೆ, ಯಾಕಂತ ಕೇಳಿದ್ರೆ "ಜರ್ಮನ್ ಐತಿ, ಅದಕ್ಕ ಜರ್ಮನ್" ಅನ್ನೋ ಉತ್ತರ ಬರುತ್ತೆ. ಹಾಗಾಗಿ ಗೋವಾದ ವಾಸ್ಕೋದಿಂದ ಅವ್ವಂಗೆ ಫೋನ್ ಮಾಡಿ, ನಾನೂ ಕಾರವಾರದ ಗೆಳೆಯನೂ ಸೇರಿ ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ದೋಣಿ ತಗೊಂಡೀವಿ, ಅದನ್ನ ಮೀನು ಹಿಡಿಯೋ ಬೋಟ್ ಮಾಡ್ತೀವಿ ಅಂದಾಗ ಅವಳು ಹೇಳಿದ್ದು ಎರಡೇ ಮಾತು. "ಮೀನಿನ ಸುದ್ದಿ ನನ್ನ ಮುಂದ ತೆಗೀಬ್ಯಾಡ. ಜರ್ಮನ್‌ಗೆ ಹುಳಿ ತಾಗಿಸಬ್ಯಾಡ, ತೂತು ಬೀಳ್ತೈತಿ."

ದೋಣಿ 12 ಅಡಿ ಉದ್ದ, ತಳ ಪೂರ್ತಿ ಚಪ್ಪಟೆ. ರೊಟ್ಟಿ ಹಿಟ್ಟು ನಾದೋ ಪರಾತವನ್ನ ಎರಡೂ ಕಡೆ ಹಿಡಿದು ಎಳೆದ ಹಾಗಿದೆ. ಅಮೆರಿಕದವರು ಇದಕ್ಕೆ ಜಾನ್ ಬೋಟ್ ಅಂತಾರೆ, ಕೆರೆ, ನಿಧಾನಕ್ಕೆ ಹರಿಯೋ ಹೊಳೆ, ಇಂಥಾ ಕಡೆಗೆ ಮಾಡಿದ್ದು, ಅರ್ಧ ಅಡಿ ನೀರಿದ್ರೂ ತೇಲುತ್ತೆ. ನಮ್ಮ ಹಂಪಿ ಹರಿಗೋಲಿನ ತಳವೂ ಹೀಗೇ ಚಪ್ಪಟೆ, ಆದ್ರೆ ಹರಿಗೋಲಿಗೆ ಸೀಟು, ಬ್ಯಾಟರಿ, ಮೋಟರ್ ಹಾಕ್ತೀನಿ ಅಂತ ಯಾರೂ ಹೊರಟಿಲ್ಲ. ನಾವು ಹೊರಟ್ವಿ.

ಮೊದಲು ನಾನು ನಡುವಿನ ಸೀಟು ಕೊಯ್ದು ಹಾಕೋಣ, ಓಡಾಡೋಕೆ ಜಾಗ ಆಗುತ್ತೆ ಅಂದೆ. ಗೆಳೆಯ ವೆಲ್ಡರ್, ನನ್ನನ್ನ ಒಂಥರಾ ನೋಡಿದ. ಆ ಸೀಟು ಬರೀ ಕೂರೋಕಲ್ಲವಂತೆ, ಎರಡೂ ಪಕ್ಕವನ್ನ ಹಿಡಿದಿಡೋ ಅಡ್ಡಪಟ್ಟಿ ಅದೇ, ಒಳಗೆ ಫೋಮ್ ಬೇರೆ ತುಂಬಿರ್ತಾರೆ, ದೋಣಿಗೆ ನೀರು ತುಂಬಿದ್ರೂ ಪೂರ್ತಿ ಮುಳುಗದ ಹಾಗೆ. ಮಂಚದ ಅಡ್ಡಪಟ್ಟಿ ಕಿತ್ತು ಮಲಗೋಕೆ ಜಾಗ ಆಯ್ತು ಅಂದ ಹಾಗಾಯ್ತು ನಂದು. ಸೀಟು ಉಳೀತು.

ಆಮೇಲೆ ಡೆಕ್. ಮುಂದುಗಡೆ ಪ್ಲೈವುಡ್ ಹಾಕಿದ್ರೆ ನಿಂತು ಗಾಳ ಬೀಸಬಹುದು. ಹಳೇ ಮನೆ ರಿಪೇರಿಯಲ್ಲಿ ಉಳಿದ ಕಬ್ಬಿಣದ ಸ್ಕ್ರೂ ಒಂದು ಡಬ್ಬಿ ತಗೊಂಡು ಹೋದೆ, ಅದಕ್ಕೂ ಬೈಸ್ಕೊಂಡೆ. ಅಲ್ಯೂಮಿನಿಯಂ, ಕಬ್ಬಿಣ, ನಡುವೆ ಉಪ್ಪುನೀರು, ಮೂರೂ ಸೇರಿದ್ರೆ ಅದೇ ಒಂದು ಬ್ಯಾಟರಿ, ಕರಗೋದು ಮಾತ್ರ ಅಲ್ಯೂಮಿನಿಯಮ್ಮೇ. ಸ್ಟೀಲ್ ಆದ್ರೂ ಅದೇ ಕಥೆ, ತಾಮ್ರ ಇನ್ನೂ ಕೆಟ್ಟದ್ದು, ಗೆದ್ದಲು ಹಿಡೀದಿರಲಿ ಅಂತ ತಾಮ್ರದ ಔಷಧಿ ಕುಡಿಸಿದ ಮರ ಕೂಡ ತಾಗಿಸಬಾರದಂತೆ. ಹಾಗಾಗಿ ಅಲ್ಯೂಮಿನಿಯಂ ರಿವೆಟ್, ಸ್ಟೀಲ್ ಬೋಲ್ಟ್ ಬೇಕೇ ಬೇಕು ಅನ್ನೋ ಕಡೆ ನೈಲಾನ್ ವಾಷರ್, ಪ್ಲೈವುಡ್ಡಿಗೆ ನೀರು ಇಳೀದ ಹಾಗೆ ಎಪಾಕ್ಸಿ ಅಂಟಿನ ಲೇಪ. ಅವ್ವನ ಹುಳಿ ನೆನಪಾಯ್ತು. ಅವಳು ಹುಣಸೆಹಣ್ಣಿಂದ ಕಲಿತ ಪಾಠವನ್ನ ನಾವು ಮೂರು ಭಾನುವಾರ ಹಾಳು ಮಾಡ್ಕೊಂಡು ಕಲಿತ್ವಿ.

ಈ ದೋಣಿ ಸದ್ದಿನಲ್ಲೂ ಪಾತ್ರೆಯೇ. ಗಾಳಕ್ಕೆ ಕಟ್ಟೋ ಒಂದು ಸೀಸದ ಗುಂಡು ಕೈಜಾರಿದ್ರೆ ಮಧ್ಯರಾತ್ರಿ ಅಡುಗೆಮನೇಲಿ ಬೆಕ್ಕು ಪಾತ್ರೆ ಉರುಳಿಸಿದ ಹಾಗೆ ಠಣ್ಣಂತ ಸದ್ದು, ಕೆಳಗಿನ ಮೀನೆಲ್ಲ ಕುಠ್ಠಾಳಿ ಊರಿನ ಕಡೆ ಪರಾರಿ. ಕಾರ್ಪೆಟ್ ಹಾಕಿದ್ರೆ ಉಪ್ಪುನೀರು ಹೀರ್ಕೊಂಡು ಒದ್ದೆಯಾಗೇ ಕೂರುತ್ತೆ, ಕೆಳಗಿನ ತಗಡು ತಿನ್ನುತ್ತೆ. ಕೊನೆಗೆ ಗೆಳೆಯನ ಹೆಂಡತಿಯ ಯೋಗಾ ಮ್ಯಾಟ್ ಬಂತು. ಜನವರಿ 1ರಿಂದ 4ರವರೆಗೆ ಅದರ ಮೇಲೆ ಯೋಗ ನಡೆದಿತ್ತಂತೆ.

ಅಲ್ಲಿಂದ ನಮ್ಮ ಆಸೆ ಬೆಳೀತು. 12 ವೋಲ್ಟಿನ ಮೋಟರ್, ಅದಕ್ಕೆ 25 ಕೆಜಿ ಮೇಲಿನ ಬ್ಯಾಟರಿ, ಹಿಂದುಗಡೇನೂ ಡೆಕ್, ತಿರುಗೋ ಕುರ್ಚಿ, ಐಸ್ ಬಾಕ್ಸ್, ಮೇಲೆ ನೆರಳಿಗೆ ಚಪ್ಪರ ಬೇರೆ ಮಾತಾಡಿದ್ವಿ. ಒಂದಿನ ಕೂತು ಲೆಕ್ಕ ಹಾಕಿದೆ, ತಳ ಹೆಚ್ಚುಕಮ್ಮಿ 3 ಚದರ ಮೀಟರ್, ಅಂದ್ರೆ 30 ಕೆಜಿ ಹೇರಿದಂಗೆಲ್ಲ ದೋಣಿ 1 ಸೆಂಟಿಮೀಟರ್ ಕೆಳಗೆ. ಅಷ್ಟೇನಾ ಅನ್ಸುತ್ತೆ, ಆದ್ರೆ ಎತ್ತರದ ಡೆಕ್ ಮೇಲೆ ಎದ್ದು ನಿಂತಾಗ ಗೊತ್ತಾಗುತ್ತೆ, ಭಾರ ಮೇಲೆ ಹೋದಷ್ಟೂ ಪರಾತ ತೊಟ್ಟಿಲಾಗುತ್ತೆ. ಗೆಳೆಯ ನಿಂತ, ದೋಣಿ ವಾಲಿತು, ಅವನು ಗಪ್ಪಂತ ಕೂತ, ಒಂದು ಮಾತೂ ಆಡಲಿಲ್ಲ. ಹಿಂದಿನ ಡೆಕ್ಕು, ಕುರ್ಚಿ ಎರಡೂ ಮಾರನೇ ದಿನ ಹೋದ್ವು. ಮುಂದಿನದನ್ನ ಕೆಳಗಿಳಿಸಿ, ಬೇಕಾದಾಗ ಎತ್ತಿಡೋ ಹಲಗೆ ಮಾಡಿದ್ವಿ. ಚಪ್ಪರದ ಸುದ್ದಿ ಇಬ್ಬರೂ ತೆಗೀಲಿಲ್ಲ.

ಮಧ್ಯಾಹ್ನ ಜುವಾರಿ ಹೊಳೆಯಲ್ಲಿ ಗಾಳಿ ಏಳುತ್ತೆ, ಚಪ್ಪಟೆ ತಳಕ್ಕೆ ಅಲೆ ಬಡಿದ್ರೆ ಬೆನ್ನುಮೂಳೆವರೆಗೂ ಗೊತ್ತಾಗುತ್ತೆ. ಅದಕ್ಕೇ ಬೆಳಗಿನ ಜಾವ ಭರತದ ನೀರಲ್ಲಿ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡಗಳ ಸಂದಿಗೆ ನುಗ್ತೀವಿ, ದೊಡ್ಡ ಬೋಟುಗಳು ಅಲ್ಲಿಗೆ ಬರಲ್ಲ. ಮೊದಲ ದಿನ ಸಿಕ್ಕಿದ್ದು ಅಂಗೈಯಷ್ಟುದ್ದದ ಎರಡು ಕಾಣೆ ಮೀನು, ಎರಡನ್ನೂ ಅವನೇ ಒಯ್ದ, ನಮ್ಮ ಮನೆಗೆ ಮೀನು ನಡೆಯಲ್ಲ. ಮತ್ಯಾಕೆ ಹೋಗ್ತೀಯ ಅಂತ ಹೆಂಡತಿ ಕೇಳ್ತಾಳೆ, ಒಳ್ಳೇ ಪ್ರಶ್ನೆ.

ಅವತ್ತು ಸಂಜೆ ಅವ್ವನ ಫೋನು. ಮೀನು ಸಿಕ್ತಾ ಅಂತ ಕೇಳಲಿಲ್ಲ.

"ದೋಣಿ ತೊಳದೀಯೇನು?"

"ತೊಳದೀನಿ, ಸಿಹಿನೀರಾಗ."

"ಡಬ್ಬ ಹಾಕಿ ಇಡು, ನೀರು ನಿಲ್ಲಬಾರದು."

ಹಾಗೇ ಇಟ್ಟಿರಲಿಲ್ಲ. ಗೆಳೆಯನನ್ನ ಮತ್ತೆ ಕರೆದೆ, ಬ್ಯಾಟರಿ, ಹಲಗೆ ಇಳಿಸಿ, ಇಬ್ಬರೂ ಸೇರಿ ತೆಂಗಿನಮರದ ಬುಡದಲ್ಲಿ ಎರಡು ಕಲ್ಲಿನ ಮೇಲೆ ಬೋರಲಾಗಿ ಡಬ್ಬ ಹಾಕಿದ್ವಿ. ಅಂಚಿಂದ ಇನ್ನೂ ಒಂದೊಂದೇ ಹನಿ ಬೀಳ್ತಿತ್ತು.