ನಂಜುಂಡಪ್ಪನವರು ತಾಲ್ಲೂಕಿಗೆ ಇಳಿದು ಲೆಕ್ಕ ಹಾಕಿದರು

ಉತ್ತರ ಕರ್ನಾಟಕ ಹಿಂದುಳಿದಿದೆ ಅನ್ನೋ ಮಾತು ಬಂದಾಗಲೆಲ್ಲ ಡಾ. ಡಿ.ಎಂ. ನಂಜುಂಡಪ್ಪ ವರದಿಯ ಹೆಸರೂ ಬರುತ್ತದೆ. ಅದರ ಒಳಗೆ ಏನಿದೆ ಅನ್ನೋದನ್ನು ಮಾತ್ರ ಯಾರೂ ಹೆಚ್ಚು ಹೇಳುವುದಿಲ್ಲ.

ಅವರು ಅರ್ಥಶಾಸ್ತ್ರದ ಮೇಷ್ಟ್ರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಯಾಗಿದ್ದರು. ಎಸ್.ಎಂ. ಕೃಷ್ಣ ಸರ್ಕಾರ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಸಮಿತಿ ಮಾಡಿ ಅವರ ಕೈಗೆ ಕೊಟ್ಟಿತು. 2002ರಲ್ಲಿ ವರದಿ ಬಂತು.

ಅವರ ದೊಡ್ಡ ಕೆಲಸ ಅಂದರೆ ಜಿಲ್ಲೆಯ ಸರಾಸರಿಯನ್ನು ನಂಬದೆ ತಾಲ್ಲೂಕಿಗೆ ಇಳಿದದ್ದು. ಆಗಿದ್ದ 175 ತಾಲ್ಲೂಕುಗಳನ್ನು 35 ಮಾನದಂಡಗಳಲ್ಲಿ ಅಳೆದರು. ನೀರಾವರಿ ಎಷ್ಟು, ವೈದ್ಯರು ಎಷ್ಟು, ಬ್ಯಾಂಕ್ ಶಾಖೆ ಎಷ್ಟು, ಶಾಲೆ ಬಿಟ್ಟ ಮಕ್ಕಳು ಎಷ್ಟು, ಎಲ್ಲವೂ ಲೆಕ್ಕಕ್ಕೆ ಬಂತು. 114 ತಾಲ್ಲೂಕುಗಳು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಗೊತ್ತಾಯಿತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ರಾಯಚೂರು ಜಿಲ್ಲೆಯ ದೇವದುರ್ಗದಿಂದ ಜನ ಗುಳೆ ಹೋಗೋದು ಯಾಕೆ ಅಂತ ಕೇಳುವವರಿಗೆ ಉತ್ತರ ಅಲ್ಲೇ ಇತ್ತು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿ ಕೂಡ ಅದೇ ಪಟ್ಟಿಯಲ್ಲಿದ್ದವು! ಇದು ಉತ್ತರ-ದಕ್ಷಿಣದ ಜಗಳ ಅಲ್ಲ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋಕೆ ಆಗುತ್ತಾ?

ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಅಂದರು. ಅದಕ್ಕಾಗಿ ಮಾಡಿದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಿದ್ದೇ 2007-08ರಲ್ಲಿ. ಆಮೇಲೂ ತೆಗೆದಿಟ್ಟ ಹಣ ಪೂರ್ತಿ ಖರ್ಚಾಗಲಿಲ್ಲ. ಯೋಜನೆ ಶುರುವಾಗುವ ಮೊದಲೇ, 2005ರಲ್ಲಿ, ನಂಜುಂಡಪ್ಪನವರು ತೀರಿಕೊಂಡಿದ್ದರು. ರಾಯಚೂರಿಗೆ ಐಐಟಿ ಕೊಡಿ ಅಂತ ವರದಿಯಲ್ಲಿತ್ತು. 2016ರಲ್ಲಿ ಅದು ಧಾರವಾಡಕ್ಕೆ ಬಂತು. ಧಾರವಾಡದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ವರದಿ ಹಿಡಿದುಕೊಂಡು ಬೀದಿಗಿಳಿದ ರಾಯಚೂರಿನ ಜನರ ನೋವು ನ್ಯಾಯವಾದದ್ದು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ನಡೆದ ಹೋರಾಟಕ್ಕೂ ಇದೇ ಅಂಕಿಅಂಶಗಳು ಬಲ ಕೊಟ್ಟವು.

2024ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಸರ್ಕಾರ ಮತ್ತೆ ಸಮಿತಿ ಮಾಡಿತು. ಒಳ್ಳೆಯದೇ. ಹೊಸ ಪಟ್ಟಿಯ ಜೊತೆಗೆ ಆ ಹಳೆಯ 39 ತಾಲ್ಲೂಕುಗಳ ಲೆಕ್ಕವನ್ನೂ ಜನರ ಮುಂದೆ ಇಡಲಿ: ಯಾವ ತಾಲ್ಲೂಕಿಗೆ ಎಷ್ಟು ಹಣ ಹೋಯಿತು, ಖರ್ಚಾಗದೆ ಎಷ್ಟು ವಾಪಸ್ ಬಂತು, ಅಲ್ಲಿನ ಆಸ್ಪತ್ರೆಯಲ್ಲಿ ಇವತ್ತು ಎಷ್ಟು ವೈದ್ಯರಿದ್ದಾರೆ.